ಹೆಸರಾದವರು, ಸಂಖ್ಯೆಯಾದವರು: ಪ್ರಥಮ ಮಹಾಯುದ್ಧದ ಸ್ಮಾರಕಗಳ ಹಿಂದಿನ ಅಸಮಾನತೆ

ಇರಾಕ್‌ನ ಬಸ್ರಾ ನಗರದಿಂದ ನಾಸಿರಿಯಾದತ್ತ ಹೋಗುವ ಹೆದ್ದಾರಿಯಲ್ಲಿ ಸುಮಾರು 32 ಕಿಲೋಮೀಟರ್ ಸಾಗಿದರೆ ಮರುಭೂಮಿಯ ನಡುವೆ ಕಲ್ಲಿನ ಕಂಬಗಳ ಉದ್ದನೆಯ ಸಾಲೊಂದು ಎದುರಾಗುತ್ತದೆ. ಪ್ರಥಮ ಮಹಾಯುದ್ಧದ ಕಾಲದಲ್ಲಿ ಹಾಗೂ ಆ ನಂತರ 1921ರವರೆಗೆ ಮೆಸಪೊಟೇಮಿಯಾದ ರಣಾಂಗಣದಲ್ಲಿ ಮಡಿದು, ಸಮಾಧಿಯ ಗುರುತೂ ಉಳಿಯದ 40,500ಕ್ಕೂ ಹೆಚ್ಚು ಮಂದಿಯ ಸ್ಮರಣಾರ್ಥ ಬ್ರಿಟಿಷರು ನಿರ್ಮಿಸಿದ ಬಸ್ರಾ ಸ್ಮಾರಕವಿದು. 1929ರ ಮಾರ್ಚ್ 27ರಂದು ಅನಾವರಣಗೊಂಡ ಈ ಸ್ಮಾರಕದ ಫಲಕಗಳಲ್ಲಿ ಬ್ರಿಟಿಷ್ ಪಡೆಗಳ ಪ್ರತಿಯೊಬ್ಬ ಸೈನಿಕನ ಹೆಸರನ್ನೂ ಕೆತ್ತಲಾಗಿದೆ. ಭಾರತೀಯ ಪಲ್ಟನ್‌ಗಳ ಫಲಕಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ಮೊದಲು ಬ್ರಿಟಿಷ್ ಅಧಿಕಾರಿಗಳ ಹೆಸರು, ಬಳಿಕ ಸುಬೇದಾರ, ಜಮಾದಾರ ದರ್ಜೆಯ ಭಾರತೀಯ ಅಧಿಕಾರಿಗಳ ಹೆಸರು. ಅಲ್ಲಿಗೆ ಹೆಸರುಗಳು ಮುಗಿಯುತ್ತವೆ. ಹವಾಲ್ದಾರ, ನಾಯಕ್, ಸಿಪಾಯಿ, ಸವಾರ ಇವರೆಲ್ಲ ಸೇರಿ 'ಮತ್ತು ಇತರ ಇಷ್ಟು ಮಂದಿ ಭಾರತೀಯ ಸೈನಿಕರು' ಎಂಬ ಒಂದು ಸಾಲಿನಲ್ಲಿ, ಒಂದು ಸಂಖ್ಯೆಯಲ್ಲಿ ಅಡಗಿಹೋಗಿದ್ದಾರೆ.

ಇದೇ ಸೇನೆಯ ಇದೇ ದರ್ಜೆಯ ಸಿಪಾಯಿ ಮೆಸಪೊಟೇಮಿಯಾದ ಬದಲು ಫ್ರಾನ್ಸ್‌ನಲ್ಲಿ ಮಡಿದಿದ್ದರೆ ಆತನ ಹೆಸರು ಶಿಲೆಯ ಮೇಲೆ ಇರುತ್ತಿತ್ತು. ಸತ್ತ ಸ್ಥಳ ಯಾವುದು, ಸತ್ತವನ ಮೈಬಣ್ಣ ಯಾವುದು ಎಂಬುದರ ಮೇಲೆ ಸ್ಮರಣೆಯ ರೀತಿ ನಿರ್ಧಾರವಾದದ್ದು ಹೇಗೆ, ಒಂದು ಶತಮಾನದ ಬಳಿಕ ಅದನ್ನು ಸರಿಪಡಿಸುವ ಯತ್ನ ಎಲ್ಲಿಗೆ ಬಂದಿದೆ ಎಂಬುದರ ವಿವರ ಇಲ್ಲಿದೆ.

ಸಿಪಾಯಿಯ ಹೆಸರಿಗೆ ಬೆಲೆ ಬಂದ ಕಾಲ

ಯುರೋಪಿನಲ್ಲಿ ಸಾಮಾನ್ಯ ಸೈನಿಕನ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ಹಳೆಯ ಸಂಪ್ರದಾಯವೇನಲ್ಲ. 19ನೇ ಶತಮಾನದ ಬಹುಪಾಲು ಯುದ್ಧಗಳಲ್ಲಿ ಪ್ರತಿಮೆ, ಫಲಕಗಳೆಲ್ಲ ದಂಡನಾಯಕರಿಗೆ ಮೀಸಲು. ಕಾಲಾಳುಗಳನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳುವುದೇ ರೂಢಿಯಾಗಿತ್ತು. 1914ರಲ್ಲಿ ಆರಂಭವಾದ ಯುದ್ಧ ಈ ರೂಢಿಯನ್ನು ಬದಲಿಸಿತು. ನಾಲ್ಕು ವರ್ಷಗಳಲ್ಲಿ 90 ಲಕ್ಷದಿಂದ ಒಂದು ಕೋಟಿ ಸೈನಿಕರು ಸತ್ತರೆಂಬುದು ಅಂದಾಜು. ಅವರಲ್ಲಿ ಹೆಚ್ಚಿನವರು ವೃತ್ತಿನಿರತ ಯೋಧರಲ್ಲ, ರೈತರು, ಗುಮಾಸ್ತರು, ಗಣಿ ಕಾರ್ಮಿಕರು, ವಿದ್ಯಾರ್ಥಿಗಳು. ಮಗನ ಮೃತದೇಹ ಎಲ್ಲಿದೆ ಎಂದು ಕೇಳುವ ತಂದೆತಾಯಿಗಳ ಪತ್ರಗಳು ಯುದ್ಧ ಕಚೇರಿಗಳಿಗೆ ಹರಿದು ಬಂದವು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು ಬ್ರಿಟನ್ನಿನ ಫೇಬಿಯನ್ ವೇರ್. 1914ರಲ್ಲಿ ರೆಡ್‌ಕ್ರಾಸ್‌ನ ವಾಹನ ತುಕಡಿಯೊಂದರ ಮುಖ್ಯಸ್ಥರಾಗಿ ಫ್ರಾನ್ಸ್‌ಗೆ ತೆರಳಿದ ಅವರು, ಗೋರಿಗಳ ಗುರುತನ್ನು ಯಾರೂ ದಾಖಲಿಸುತ್ತಿಲ್ಲವೆಂಬುದನ್ನು ಕಂಡು ತಾವೇ ದಾಖಲಿಸಲು ಆರಂಭಿಸಿದರು. ಅದರ ಫಲವಾಗಿ 1917ರ ಮೇ 21ರಂದು ರಾಜಶಾಸನದ ಮೂಲಕ ಸಾಮ್ರಾಜ್ಯ ಯುದ್ಧ ಸಮಾಧಿ ಆಯೋಗ ಸ್ಥಾಪನೆಯಾಯಿತು. 1960ರಿಂದ ಇದರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ.

ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕ ಫ್ರೆಡರಿಕ್ ಕೆನ್ಯನ್ 1918ರಲ್ಲಿ ನೀಡಿದ ವರದಿ ಆಯೋಗದ ನೀತಿಗೆ ಅಡಿಪಾಯವಾಯಿತು. ಸತ್ತ ಪ್ರತಿಯೊಬ್ಬನಿಗೂ ಸಮಾಧಿಶಿಲೆಯಲ್ಲಾಗಲಿ ಸ್ಮಾರಕದಲ್ಲಾಗಲಿ ಹೆಸರು ಇರಬೇಕು. ಶಿಲೆಗಳು ಒಂದೇ ಅಳತೆಯವಾಗಿರಬೇಕು. ಅಧಿಕಾರಿ-ಸಿಪಾಯಿ, ಬಡವ-ಬಲ್ಲಿದ ಎಂಬ ಭೇದ ಕೂಡದು. ಜನಾಂಗ, ಮತಗಳ ಭೇದವೂ ಕೂಡದು ಎಂದು ಆಯೋಗ ಸಾರಿತು. ಮೃತದೇಹವನ್ನು ತಾಯ್ನಾಡಿಗೆ ತರಲು ಯಾರಿಗೂ ಅನುಮತಿ ಕೊಡಲಿಲ್ಲ. ಹಣವುಳ್ಳವರು ಮಾತ್ರ ತರಲು ಸಾಧ್ಯವಾದೀತು ಎಂಬುದು ಅದಕ್ಕೆ ಕಾರಣ. ತಂದೆತಾಯಿಗಳಿಂದ ತೀವ್ರ ವಿರೋಧ ವ್ಯಕ್ತವಾಗಿ, 1920ರ ಮೇ 4ರಂದು ಬ್ರಿಟಿಷ್ ಸಂಸತ್ತಿನಲ್ಲಿ ಈ ವಿಷಯವಾಗಿ ದೀರ್ಘ ಚರ್ಚೆಯೇ ನಡೆಯಿತು. ಆಯೋಗ ಜಗ್ಗಲಿಲ್ಲ. ಕುಟುಂಬಕ್ಕೆ ಸಿಕ್ಕ ರಿಯಾಯಿತಿಯೆಂದರೆ ಶಿಲೆಯ ಬುಡದಲ್ಲಿ 66 ಅಕ್ಷರಗಳ ಮಿತಿಯ ಒಂದು ಸ್ವಂತ ಸಾಲು.

ಶಿಲೆಗಳ ಮೇಲೆ ಏನು ಬರೆಯಬೇಕೆಂದು ಸಲಹೆ ನೀಡಲು ಆಯೋಗ ನೇಮಿಸಿಕೊಂಡದ್ದು ಮುಂಬೈಯಲ್ಲಿ ಹುಟ್ಟಿದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಅವರನ್ನು. ಅವರ ಒಬ್ಬನೇ ಮಗ ಜಾನ್ 1915ರ ಸೆಪ್ಟೆಂಬರ್‌ನಲ್ಲಿ ಲೂಸ್ ಕದನದಲ್ಲಿ ಕಾಣೆಯಾಗಿದ್ದ. ಸತ್ತವರ ಹೆಸರು ಚಿರಕಾಲ ಬಾಳುವುದೆಂಬ ಅರ್ಥದ ಧರ್ಮಗ್ರಂಥ ವಾಕ್ಯವನ್ನು ಆಯೋಗದ ದೊಡ್ಡ ರುದ್ರಭೂಮಿಗಳ ಸ್ಮರಣಶಿಲೆಗೆ ಆರಿಸಿಕೊಟ್ಟವರು ಕಿಪ್ಲಿಂಗ್. ಗುರುತು ಸಿಗದ ದೇಹಗಳ ಶಿಲೆಗೆ, ದೇವರಿಗೆ ಮಾತ್ರ ಗೊತ್ತಿರುವ ಸೈನಿಕ ಎಂಬರ್ಥದ ಪದಗಳನ್ನು ಕೊಟ್ಟವರೂ ಅವರೇ.

ಪಶ್ಚಿಮ ರಂಗದಲ್ಲಿ ಉಳಿದ ಮಾತು

ಯುರೋಪಿನ ಪಶ್ಚಿಮ ರಂಗದ ಮಟ್ಟಿಗೆ ಆಯೋಗ ತನ್ನ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಬೆಲ್ಜಿಯಂನ ಈಪ್ರ್ ಪಟ್ಟಣದ ಮೆನಿನ್ ಗೇಟ್‌ನಲ್ಲಿ, ದೇಹ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. 1927ರಲ್ಲಿ ಅನಾವರಣಗೊಂಡ ಆ ದ್ವಾರದ ಕೆಳಗೆ 1928ರಿಂದೀಚೆಗೆ ಪ್ರತಿದಿನ ರಾತ್ರಿ 8 ಗಂಟೆಗೆ ಕಹಳೆಗಾರರು ಅಂತಿಮ ನಮನದ ಕಹಳೆ ಮೊಳಗಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಪಟ್ಟಣ ಜರ್ಮನ್ನರ ವಶದಲ್ಲಿದ್ದ ವರ್ಷಗಳಲ್ಲಿ ಮಾತ್ರ ಅಲ್ಲಿ ಕಹಳೆ ನಿಂತಿತ್ತು. ಫ್ರಾನ್ಸ್‌ನ ತಿಯೆಪ್ವಾಲ್‌ನಲ್ಲಿ ಎಡ್ವಿನ್ ಲುಟೆನ್ಸ್ ವಿನ್ಯಾಸಗೊಳಿಸಿದ ಮಹಾದ್ವಾರದ ಮೇಲೆ 72 ಸಾವಿರಕ್ಕೂ ಹೆಚ್ಚು ಹೆಸರುಗಳು. ಹೊಲ ಉಳುವಾಗಲೋ ರಸ್ತೆ ಅಗೆಯುವಾಗಲೋ ಮೂಳೆಗಳು ಸಿಕ್ಕಿ, ಅವು ಯಾರವೆಂದು ಗುರುತು ಹತ್ತಿದರೆ ಆ ಹೆಸರನ್ನು ಕಾಣೆಯಾದವರ ಫಲಕದಿಂದ ತೆಗೆದು, ಹೊಸ ಸಮಾಧಿಶಿಲೆಯ ಮೇಲೆ ಕೆತ್ತುವ ಪದ್ಧತಿ ಇಂದಿಗೂ ಇದೆ. ಫ್ರಾನ್ಸ್‌ನ ಫ್ರೊಮೆಲ್‌ನಲ್ಲಿ 1916ರಲ್ಲಿ ಜರ್ಮನ್ನರು ಸಾಮೂಹಿಕವಾಗಿ ಹೂತಿದ್ದ 250 ಸೈನಿಕರ ಅವಶೇಷಗಳನ್ನು 2009ರಲ್ಲಿ ಹೊರತೆಗೆದು, ಡಿಎನ್‌ಎ ಪರೀಕ್ಷೆ ನಡೆಸಿ, ಹೊಸ ರುದ್ರಭೂಮಿಯನ್ನೇ ನಿರ್ಮಿಸಲಾಯಿತು. ಹೆಸರಿಗಾಗಿ ಇಷ್ಟು ಶ್ರಮ, ಇಷ್ಟು ಹಣ.

ಭಾರತೀಯರಿಗೂ ಇಲ್ಲಿ ಪಾಲು ಸಿಕ್ಕಿತು. 1915ರ ಮಾರ್ಚ್‌ನಲ್ಲಿ ಭಾರತೀಯ ಪಡೆಗಳು ಹೋರಾಡಿದ ನವ್ ಶಾಪೆಲ್‌ನಲ್ಲಿ ಹರ್ಬರ್ಟ್ ಬೇಕರ್ ವಿನ್ಯಾಸದ ವೃತ್ತಾಕಾರದ ಸ್ಮಾರಕ 1927ರ ಅಕ್ಟೋಬರ್ 7ರಂದು ಅನಾವರಣಗೊಂಡಿತು. ಸಿಪಾಯಿಗಳೂ ಸೇರಿದಂತೆ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ. ಆ ಕದನದಲ್ಲಿ ಮಡಿದು, ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದ ಗಢವಾಲ್ ರೈಫಲ್ಸ್‌ನ ಗಬ್ಬರ್ ಸಿಂಗ್ ನೇಗಿ ಅವರ ಹೆಸರೂ ಅವುಗಳಲ್ಲೊಂದು. ಉತ್ತರಾಖಂಡದ ಚಂಬಾದಲ್ಲಿ ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಜಾತ್ರೆ ಸೇರುತ್ತದೆ. 2016ರಲ್ಲಿ ಇದೇ ಪ್ರದೇಶದ ರಿಶ್‌ಬೂರ್ ಬಳಿ ದೊರೆತ ಇಬ್ಬರು ಯೋಧರ ಅವಶೇಷಗಳನ್ನು ಭುಜಪಟ್ಟಿಯ '39' ಎಂಬ ಅಂಕಿಯಿಂದ 39ನೇ ಗಢವಾಲ್ ರೈಫಲ್ಸ್‌ನವರೆಂದು ಗುರುತಿಸಿ, 2017ರ ನವೆಂಬರ್‌ನಲ್ಲಿ ಸೇನಾ ಗೌರವದೊಂದಿಗೆ ಸಮಾಧಿ ಮಾಡಲಾಯಿತು. ಹೆಸರು ಮಾತ್ರ ತಿಳಿಯಲಿಲ್ಲ.

ಸೋತವರ ಸ್ಮರಣೆಯ ದಾರಿ ಬೇರೆಯಾಗಿತ್ತು. ಬೆಲ್ಜಿಯಂನ ವ್ಲಾಡ್‌ಸ್ಲೊದಲ್ಲಿ 25 ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಲಗಿರುವ ರುದ್ರಭೂಮಿಯಿದೆ. ನೆಲಕ್ಕಂಟಿದ ಚಪ್ಪಟೆ ಕಲ್ಲುಗಳು, ಒಂದೊಂದರ ಮೇಲೂ ಹಲವು ಹೆಸರುಗಳು. ಅಲ್ಲಿ ಮೊಣಕಾಲೂರಿ ಕುಳಿತ ಒಬ್ಬ ತಂದೆ, ಒಬ್ಬ ತಾಯಿಯ ಎರಡು ಶಿಲಾಮೂರ್ತಿಗಳಿವೆ. ಶಿಲ್ಪಿ ಕೇಥೆ ಕೋಲ್ವಿಟ್ಸ್. 1914ರ ಅಕ್ಟೋಬರ್‌ನಲ್ಲಿ ಸತ್ತ ಮಗ ಪೀಟರ್‌ಗಾಗಿ ಆಕೆ ಹದಿನೇಳು-ಹದಿನೆಂಟು ವರ್ಷ ಯೋಚಿಸಿ, ಕೆಡವಿ, ಮತ್ತೆ ಕಟ್ಟಿ, 1932ರಲ್ಲಿ ಇವನ್ನು ಪೂರ್ಣಗೊಳಿಸಿದಳು. ವಿಜಯದ ಸುಳಿವಿಲ್ಲದ, ದೇಶದ ಹೆಸರೂ ಇಲ್ಲದ ಈ ಎರಡು ಮೂರ್ತಿಗಳ ಮುಂದೆ ಎತ್ತರದ ಎಷ್ಟೋ ಕಮಾನುಗಳು ಸಪ್ಪೆಯೆನಿಸುತ್ತವೆ. ಮೂರ್ತಿಗಳ ಮುಂದಿನ ಕಲ್ಲುಗಳಲ್ಲೊಂದರ ಮೇಲೆ ಪೀಟರ್‌ನ ಹೆಸರಿದೆ.

ಬ್ರೈಟನ್‌ನ ಛತ್ರಿ

ಹಿಂದೂ, ಸಿಖ್ ಸೈನಿಕರ ವಿಷಯದಲ್ಲಿ ಆಯೋಗಕ್ಕೆ ಇನ್ನೊಂದು ತೊಡಕಿತ್ತು. ದಹನವಾದ ದೇಹಕ್ಕೆ ಸಮಾಧಿ ಇಲ್ಲ. ಸಮಾಧಿ ಇಲ್ಲದಿದ್ದರೆ ಶಿಲೆ ಎಲ್ಲಿ ನಿಲ್ಲಿಸುವುದು?

ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್‌ನಲ್ಲಿ, ಗುಮ್ಮಟ ಮಿನಾರುಗಳ ರಾಯಲ್ ಪೆವಿಲಿಯನ್ ಅರಮನೆಯನ್ನು 1914ರ ಕೊನೆಯಲ್ಲಿ ಗಾಯಾಳು ಭಾರತೀಯ ಸೈನಿಕರ ಆಸ್ಪತ್ರೆಯಾಗಿ ಪರಿವರ್ತಿಸಲಾಗಿತ್ತು. ಬ್ರೈಟನ್‌ನ ಆಸ್ಪತ್ರೆಗಳಲ್ಲಿ ಸತ್ತ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಪ್ಯಾಚಮ್ ಬಳಿಯ ಹುಲ್ಲುಗುಡ್ಡದ ಮೇಲೆ ದಹನ ಮಾಡಲಾಯಿತು. ಚಿತೆಯ ಕಟ್ಟೆಗಳ ಜಾಗದಲ್ಲೇ ಅಮೃತಶಿಲೆಯ ಛತ್ರಿಯೊಂದನ್ನು ನಿರ್ಮಿಸಿ, 1921ರ ಫೆಬ್ರವರಿ 1ರಂದು ವೇಲ್ಸ್ ರಾಜಕುಮಾರ ಎಡ್ವರ್ಡ್ ಅನಾವರಣ ಮಾಡಿದರು. ಅದರ ವಿನ್ಯಾಸ ಮುಂಬೈಯ ವಾಸ್ತುಶಿಲ್ಪಿ ಇ.ಸಿ. ಹೆನ್ರಿಕ್ಸ್ ಅವರದು. ಸ್ಮಾರಕ ಸುಂದರವಾಗಿತ್ತು. ಆದರೆ ಆ 53 ಮಂದಿ ಯಾರೆಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ.

ಕಾಮನ್‌ವೆಲ್ತ್ ಆಯೋಗ ಅವರ ಹೆಸರುಗಳನ್ನು ಕೆತ್ತಿದ ಪ್ರತ್ಯೇಕ ಶಿಲಾಫಲಕವನ್ನು ಛತ್ರಿಯ ಪಕ್ಕದಲ್ಲೇ ನಿಲ್ಲಿಸಿದ್ದು 2010ರ ಸೆಪ್ಟೆಂಬರ್‌ನಲ್ಲಿ. 53 ಹೆಸರುಗಳಿಗೆ 89 ವರ್ಷ ಬೇಕಾಯಿತು. ಇಂಗ್ಲೆಂಡಿನಲ್ಲಿ ಸತ್ತ ಮುಸ್ಲಿಂ ಸೈನಿಕರಿಗಾಗಿ ಮೀಸಲಿಟ್ಟ ಸಮಾಧಿಭೂಮಿ ವೋಕಿಂಗ್‌ನ ಶಾಜಹಾನ್ ಮಸೀದಿಗೆ ಸಮೀಪದಲ್ಲಿತ್ತು. 1968ರಲ್ಲಿ ಅಲ್ಲಿನ ಅವಶೇಷಗಳನ್ನು ಬ್ರೂಕ್‌ವುಡ್ ಸೇನಾ ರುದ್ರಭೂಮಿಗೆ ಸ್ಥಳಾಂತರಿಸಲಾಯಿತು.

ಮೆಸಪೊಟೇಮಿಯಾ, ಆಫ್ರಿಕಾ: ಮಾತು ತಪ್ಪಿದ ನೆಲ

ಯುದ್ಧದಲ್ಲಿ ಭಾರತೀಯ ಸೇನೆಯ ಅತಿ ದೊಡ್ಡ ಪಾಲು ಹೋದದ್ದು ಫ್ರಾನ್ಸ್‌ಗಲ್ಲ, ಮೆಸಪೊಟೇಮಿಯಾಕ್ಕೆ. ಬಿಸಿಲು, ಕಾಲರಾ, ಆಮಶಂಕೆ, ಔಷಧ ಹಾಗೂ ದೋಣಿಗಳ ಕೊರತೆ ಗುಂಡಿನಷ್ಟೇ ಜನರನ್ನು ಬಲಿ ತೆಗೆದುಕೊಂಡವು. ಕುಟ್ ಪಟ್ಟಣದಲ್ಲಿ ಜನರಲ್ ಟೌನ್ಸೆಂಡ್ ಅವರ ಪಡೆಯನ್ನು ತುರ್ಕರು ಸುಮಾರು ಐದು ತಿಂಗಳು ಮುತ್ತಿ, 1916ರ ಏಪ್ರಿಲ್ 29ರಂದು ಶರಣಾಗುವಂತೆ ಮಾಡಿದರು. ಸೆರೆಸಿಕ್ಕ ಸುಮಾರು 13 ಸಾವಿರ ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಮರುಭೂಮಿಯ ನಡಿಗೆಯಲ್ಲಿ, ಕೈದಿಗಳ ಶಿಬಿರಗಳಲ್ಲಿ ಸತ್ತ ಸಾವಿರಾರು ಜನರಿಗೆ ಗುರುತಿನ ಗೋರಿ ಎಲ್ಲಿಂದ ಬರಬೇಕು?

ಇಂಥವರ ಹೆಸರೇ ಬಸ್ರಾ ಸ್ಮಾರಕದಲ್ಲಿ ಇರಬೇಕಾಗಿತ್ತು. ಸೈನಿಕರ ಪಟ್ಟಿಗಳು ಸೇನೆಯ ಬಳಿ ಇದ್ದವು. ಅವುಗಳ ಆಧಾರದಲ್ಲಿ ದಾಖಲೆ ಪುಸ್ತಕಗಳೂ ಸಿದ್ಧವಾದವು. ಆದ್ದರಿಂದ ಹೆಸರು ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಶಿಲೆಯ ಮೇಲೆ ಕೆತ್ತುವಷ್ಟು ಅಗತ್ಯವಿಲ್ಲ ಎಂದು ತೀರ್ಮಾನಿಸಲಾಯಿತು, ಅಷ್ಟೆ.

ಪೂರ್ವ ಆಫ್ರಿಕಾದಲ್ಲಿ ಆದದ್ದು ಇದಕ್ಕಿಂತ ಕಠೋರ. ಅಲ್ಲಿ ರಸ್ತೆಗಳಿರಲಿಲ್ಲ. ಕುದುರೆ, ಎತ್ತುಗಳು ತ್ಸೆತ್ಸೆ ನೊಣದ ಕಾಟಕ್ಕೆ ಸಾಯುತ್ತಿದ್ದವು. ಹೀಗಾಗಿ ಆಹಾರ, ಮದ್ದುಗುಂಡುಗಳನ್ನು ಲಕ್ಷಾಂತರ ಆಫ್ರಿಕನ್ನರ ತಲೆಯ ಮೇಲೆ ಹೊರಿಸಿ ಸಾಗಿಸಲಾಯಿತು. ಈ ಹೊರೆಯಾಳುಗಳ ದಳದಲ್ಲಿ ಸತ್ತವರ ಸಂಖ್ಯೆ 90 ಸಾವಿರ ದಾಟಿತೆಂಬುದು ಅಂದಾಜು. ನೈರೋಬಿ, ಮೊಂಬಾಸಾ, ದಾರ್-ಎಸ್-ಸಲಾಂ ನಗರಗಳಲ್ಲಿ ಅವರಿಗಾಗಿ, ಸ್ಥಳೀಯ ಯೋಧರಿಗಾಗಿ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಹೆಸರು ಒಂದೂ ಇಲ್ಲ.

ಆದರೆ ಸ್ಮರಣೆ ಬೇರೊಂದು ದಾರಿ ಹಿಡಿಯಿತು. ಹೊರೆಯಾಳುಗಳ ದಳದ ಇಂಗ್ಲಿಷ್ ಹೆಸರು 'ಕ್ಯಾರಿಯರ್ ಕೋರ್'. ಅವರ ಬಿಡಾರಗಳಿದ್ದ ಜಾಗ ಜನರ ಬಾಯಲ್ಲಿ ದಾರ್-ಎಸ್-ಸಲಾಂನಲ್ಲಿ 'ಕರಿಯಾಕೂ', ನೈರೋಬಿಯಲ್ಲಿ 'ಕರಿಯೊಕೊರ್' ಆಯಿತು. ದಾರ್-ಎಸ್-ಸಲಾಂನ ಕರಿಯಾಕೂ ಇಂದು ಆ ನಗರದ ಅತಿ ಗಿಜಿಗುಟ್ಟುವ ಮಾರುಕಟ್ಟೆ.

ಕಟ್ಟಿದ ಸ್ಮಾರಕಗಳನ್ನೂ ಮುಂದಿನ ಯುದ್ಧಗಳು ಬಿಡಲಿಲ್ಲ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ಮಡಿದ ಸುಮಾರು 4 ಸಾವಿರ ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫಿಕ್‌ನಲ್ಲಿ ನಿಲ್ಲಿಸಿದ್ದ ಸ್ಮಾರಕ, ಈಜಿಪ್ಟ್-ಇಸ್ರೇಲ್ ಸಂಘರ್ಷದಲ್ಲಿ ಹಾಳಾಗಿ ನೆಲಸಮವಾಯಿತು. ಕೈರೋ ಬಳಿಯ ಹೀಲಿಯೊಪೊಲಿಸ್ ರುದ್ರಭೂಮಿಯಲ್ಲಿ 1980ರಲ್ಲಿ ಹೆಸರಿನ ಫಲಕಗಳನ್ನು ಹೊಸದಾಗಿ ನಿಲ್ಲಿಸಲಾಯಿತು. ಬಸ್ರಾ ಸ್ಮಾರಕ ಮೊದಲಿದ್ದದ್ದು ಬಂದರಿನ ಬಳಿ. 1997ರಲ್ಲಿ ಸದ್ದಾಂ ಹುಸೇನ್ ಆದೇಶದಂತೆ ಅದನ್ನು ಬಿಚ್ಚಿ ಈಗಿನ ಜಾಗಕ್ಕೆ ಸಾಗಿಸಲಾಯಿತು. ಆ ಜಾಗವಾದರೂ 1991ರ ಕೊಲ್ಲಿ ಯುದ್ಧದ ರಣಭೂಮಿ.

2021ರ ಒಪ್ಪಿಗೆ

ಈ ಅಸಮಾನತೆ ಸಂಶೋಧಕರಿಗೆ ತಿಳಿಯದ್ದೇನೂ ಆಗಿರಲಿಲ್ಲ. ಸಾರ್ವಜನಿಕ ಚರ್ಚೆಗೆ ಬಂದದ್ದು 2019ರಲ್ಲಿ, ಬ್ರಿಟಿಷ್ ಸಂಸದ ಡೇವಿಡ್ ಲ್ಯಾಮಿ ನಿರೂಪಿಸಿದ ಟಿವಿ ಸಾಕ್ಷ್ಯಚಿತ್ರದ ಬಳಿಕ. ಪ್ರಾಧ್ಯಾಪಕಿ ಮಿಷೆಲ್ ಬ್ಯಾರೆಟ್ ಅವರ ಸಂಶೋಧನೆ ಅದಕ್ಕೆ ಆಧಾರವಾಗಿತ್ತು. ಆಯೋಗ ವಿಶೇಷ ಸಮಿತಿಯೊಂದನ್ನು ನೇಮಿಸಿತು. 2021ರ ಏಪ್ರಿಲ್ 22ರಂದು ಪ್ರಕಟವಾದ ಸಮಿತಿಯ ವರದಿ ಸುತ್ತುಬಳಸಿಲ್ಲದೆ ತಪ್ಪೊಪ್ಪಿಕೊಂಡಿತು.

ವರದಿಯ ಪ್ರಕಾರ 45 ಸಾವಿರದಿಂದ 54 ಸಾವಿರ ಮೃತರಿಗೆ ಅಸಮಾನ ರೀತಿಯ ಸ್ಮರಣೆ ದೊರೆತಿತ್ತು. ಇವರಲ್ಲಿ ಭಾರತೀಯರು, ಪೂರ್ವ ಮತ್ತು ಪಶ್ಚಿಮ ಆಫ್ರಿಕನ್ನರು, ಈಜಿಪ್ಟ್ ಹಾಗೂ ಸೊಮಾಲಿಯಾದವರು ಹೆಚ್ಚು. ಇವರಲ್ಲದೆ ಕನಿಷ್ಠ 1.16 ಲಕ್ಷ ಜನರಿಗೆ, ಪ್ರಾಯಶಃ 3.5 ಲಕ್ಷದವರೆಗೂ, ಹೆಸರಿನ ಸ್ಮರಣೆ ಸಿಕ್ಕಿಲ್ಲ ಅಥವಾ ಯಾವುದೇ ಸ್ಮರಣೆ ಸಿಕ್ಕಿಲ್ಲ. ಇವರಲ್ಲಿ ಬಹುಪಾಲು ಪೂರ್ವ ಆಫ್ರಿಕಾ ಮತ್ತು ಈಜಿಪ್ಟ್‌ನವರು. ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳ ನಡುವಿನ ಈ ಎರಡು ಲಕ್ಷಕ್ಕೂ ಮಿಕ್ಕ ಅಂತರವನ್ನು ಗಮನಿಸಬೇಕು. ಸತ್ತವರನ್ನು ಎಣಿಸುವ ಗೋಜಿಗೂ ಆಡಳಿತ ಹೋಗಿರಲಿಲ್ಲ ಎಂಬುದನ್ನು ಅದೇ ಹೇಳುತ್ತದೆ. ವಸಾಹತು ಆಡಳಿತದ ಜನಾಂಗೀಯ ಪೂರ್ವಗ್ರಹ ಇದಕ್ಕೆ ಕಾರಣವೆಂದು ವರದಿ ಸ್ಪಷ್ಟವಾಗಿ ದಾಖಲಿಸಿತು. ಸ್ಥಳೀಯರಿಗೆ ಹೆಸರಿನ ಶಿಲೆಯ ಬೆಲೆ ತಿಳಿಯದು ಎಂಬ ಮಾತು ಅಂದಿನ ಅಧಿಕಾರಿಗಳ ಪತ್ರವ್ಯವಹಾರದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೇ ದಿನ ರಕ್ಷಣಾ ಸಚಿವ ಬೆನ್ ವ್ಯಾಲೇಸ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರ ಹಾಗೂ ಆಯೋಗದ ಪರವಾಗಿ ಕ್ಷಮೆ ಯಾಚಿಸಿದರು.

ಆನಂತರ ದಾಖಲೆಗಳ ಹುಡುಕಾಟ ಆರಂಭವಾಯಿತು. ಇದರ ಒಂದು ಫಲ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2025ರ ಜನವರಿಯಲ್ಲಿ ಅನಾವರಣಗೊಂಡ ಸ್ಮಾರಕ. ಕಾರ್ಮಿಕ ದಳಗಳಲ್ಲಿ ಸತ್ತ 1,772 ಮಂದಿಯ ಹೆಸರನ್ನು ಅಲ್ಲಿ ಒಂದೊಂದು ಮರದ ಕಂಬದ ಮೇಲೆ ಕೆತ್ತಲಾಗಿದೆ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಶತಮಾನದ ಕಾಲ ಧೂಳು ತಿನ್ನುತ್ತಿದ್ದ, ಅವಿಭಜಿತ ಪಂಜಾಬಿನ ಸುಮಾರು 3.2 ಲಕ್ಷ ಸೈನಿಕರ ವಿವರಗಳಿರುವ 26 ಸಾವಿರ ಪುಟಗಳ ದಾಖಲೆಗಳೂ 2021ರ ನವೆಂಬರ್‌ನಿಂದ ಅಂತರ್ಜಾಲದಲ್ಲಿ ಕಾಣಿಸಿಕೊಳ್ಳತೊಡಗಿದವು.

ನಮ್ಮವರೇ ಮರೆತ ಕಥೆ

ತಪ್ಪನ್ನೆಲ್ಲ ಲಂಡನ್ನಿನ ಕಚೇರಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು. ಸತ್ತವರು 70 ಸಾವಿರಕ್ಕೂ ಅಧಿಕ. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯದ ದಾರಿ ಸುಗಮವಾದೀತೆಂದು ನಂಬಿದವರಲ್ಲಿ ಗಾಂಧೀಜಿಯವರೂ ಇದ್ದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಅವರು ಸೈನ್ಯ ಭರ್ತಿಗಾಗಿ ಊರೂರು ಸುತ್ತಿದರು. ಯುದ್ಧ ಮುಗಿದ ಮರು ವರ್ಷವೇ ದೊರೆತದ್ದು ರೌಲತ್ ಶಾಸನ ಮತ್ತು ಜಲಿಯನ್‌ವಾಲಾ ಬಾಗ್. ಆ ಬಳಿಕ, ಚಕ್ರವರ್ತಿಯ ಪರವಾಗಿ ಹೋರಾಡಿದ ಸಿಪಾಯಿಗೆ ರಾಷ್ಟ್ರೀಯ ಚಳವಳಿಯ ಕಥನದಲ್ಲಿ ಜಾಗ ಉಳಿಯಲಿಲ್ಲ. ಆತನನ್ನು ಹುತಾತ್ಮನೆನ್ನುವುದೇ, ಕೂಲಿ ಸೈನಿಕನೆನ್ನುವುದೇ? ಉತ್ತರ ಹೇಳಲಾಗದೆ ದೇಶ ಸುಮ್ಮನಾಯಿತು.

ಇಂಥ ಇಕ್ಕಟ್ಟು ಐರ್ಲೆಂಡಿಗೂ ಬಂದಿತ್ತು. ಡಬ್ಲಿನ್‌ನಲ್ಲಿ ಲುಟೆನ್ಸ್ ವಿನ್ಯಾಸದ ಯುದ್ಧ ಸ್ಮಾರಕ ಉದ್ಯಾನ 1930ರ ದಶಕದ ಕೊನೆಗೇ ಸಿದ್ಧವಾಗಿದ್ದರೂ ಅದರ ವಿಧ್ಯುಕ್ತ ಸಮರ್ಪಣೆ ನಡೆದದ್ದು 1988ರಲ್ಲಿ.

ದಿಲ್ಲಿಯ ಇಂಡಿಯಾ ಗೇಟ್ ಬಗೆಗೆ ಪ್ರವಾಸಿಗರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. 1921ರಲ್ಲಿ ಅಡಿಗಲ್ಲು ಹಾಕಿ 1931ರ ಫೆಬ್ರವರಿಯಲ್ಲಿ ಉದ್ಘಾಟಿಸಲಾದ, ಇದೇ ಲುಟೆನ್ಸ್ ವಿನ್ಯಾಸದ ಈ ದ್ವಾರ 70 ಸಾವಿರ ಮಂದಿಯ ಸ್ಮಾರಕ ಹೌದು. ಆದರೆ ಕೆತ್ತಿರುವ ಹೆಸರುಗಳು 13 ಸಾವಿರ ಚಿಲ್ಲರೆ ಮಾತ್ರ. ಅವೂ ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಹಾಗೂ 1919ರ ಆಫ್ಘನ್ ಯುದ್ಧದಲ್ಲಿ ಮಡಿದವರವು. ಬಸ್ರಾದಲ್ಲಿ ಸಂಖ್ಯೆಯಾದ ಸಿಪಾಯಿಗೆ ಇಂಡಿಯಾ ಗೇಟಿನಲ್ಲೂ ಹೆಸರು ಸಿಗದು. ಬಾಂಗ್ಲಾ ಯುದ್ಧದ ಬಳಿಕ, 1972ರಲ್ಲಿ ಅದರ ಕಮಾನಿನಡಿ ಹೊತ್ತಿಸಿದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಸಮೀಪದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ವಿಲೀನಗೊಳಿಸಲಾಯಿತು. 2019ರಲ್ಲಿ ಉದ್ಘಾಟನೆಯಾದ ಆ ಹೊಸ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳಿವೆ.

ಪಂಜಾಬ್, ಮಹಾರಾಷ್ಟ್ರ ಮುಂತಾದ ಕಡೆಗಳ ಎಷ್ಟೋ ಹಳ್ಳಿಗಳಲ್ಲಿ ಆ ಕಾಲದ ಸಣ್ಣ ಕಲ್ಲುಫಲಕಗಳು ಇಂದಿಗೂ ಕಾಣಸಿಗುತ್ತವೆ. ಈ ಹಳ್ಳಿಯಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇವರಲ್ಲಿ ಇಷ್ಟು ಜನ ಪ್ರಾಣ ಅರ್ಪಿಸಿದರು ಎಂಬುದಷ್ಟೇ ಅವುಗಳ ಒಕ್ಕಣೆ. ಅಲ್ಲೂ ಸಂಖ್ಯೆಯೇ.

ಮೈಸೂರಿನ ಸವಾರರು

ಕರ್ನಾಟಕದ ಪಾಲಿಗೆ ಈ ಯುದ್ಧದ ಮುಖ್ಯ ನೆನಪು ಹೈಫಾ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ. ಯುದ್ಧ ಆರಂಭವಾಗುತ್ತಲೇ ಮೈಸೂರು ಸಂಸ್ಥಾನ 50 ಲಕ್ಷ ರೂಪಾಯಿಗಳನ್ನು ಯುದ್ಧ ವೆಚ್ಚಕ್ಕೆ ನೀಡಿದ್ದಲ್ಲದೆ, ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯನ್ನೂ ಈಜಿಪ್ಟ್‌ಗೆ ಕಳುಹಿಸಿತು. ಸೂಯೆಜ್ ಕಾಲುವೆಯ ರಕ್ಷಣೆಯಿಂದ ಆರಂಭವಾದ ಆ ಪಡೆಯ ಸೇವೆ ಪ್ಯಾಲೆಸ್ಟೈನ್, ಸಿರಿಯಾಗಳವರೆಗೆ ಸಾಗಿತು.

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವಪಡೆಗಳು ಹೈಫಾ ಬಂದರಿನ ಮೇಲೆ ದಾಳಿ ನಡೆಸಿದವು. ಕಾರ್ಮೆಲ್ ಬೆಟ್ಟದ ಮೇಲೆ ತುರ್ಕಿ ಪಡೆಯ ಫಿರಂಗಿಗಳು, ಕೆಳಗೆ ಮಷೀನ್‌ಗನ್‌ಗಳು. ಮೈಸೂರಿನ ಸವಾರರ ಒಂದು ತುಕಡಿ ಕಡಿದಾದ ದಾರಿಯಲ್ಲಿ ಬೆಟ್ಟವೇರಿ ಫಿರಂಗಿಗಳತ್ತ ನುಗ್ಗಿದರೆ, ಜೋಧಪುರದವರು ಊರೊಳಗೆ ಕುದುರೆ ಓಡಿಸಿದರು. ಮೈಸೂರಿನ ಉಳಿದ ಸವಾರರು ಅವರನ್ನು ಹಿಂಬಾಲಿಸಿದರು. ಸಂಜೆಯೊಳಗೆ ಊರು ವಶವಾಯಿತು. 1,350 ಸೈನಿಕರು ಸೆರೆಸಿಕ್ಕರು, 17 ಫಿರಂಗಿಗಳು ಕೈಸೇರಿದವು. ಭಾರತೀಯ ಪಡೆಗಳ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60. ಒಂದು ತಿಂಗಳ ಬಳಿಕ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಇವೇ ಎರಡು ಪಡೆಗಳು ಮತ್ತೆ ಕಾದಿದವು. ನಾಲ್ಕು ದಿನಗಳಲ್ಲಿ ತುರ್ಕಿಯೊಂದಿಗೆ ಕದನವಿರಾಮವಾಯಿತು.

ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿರುವ ಮೂರು ಕಂಚಿನ ಯೋಧರು ಮೈಸೂರು, ಜೋಧಪುರ, ಹೈದರಾಬಾದ್ ಅಶ್ವಪಡೆಗಳ ಪ್ರತೀಕ. 1922ರಲ್ಲಿ ನಿಂತ ಆ ಸ್ಮಾರಕದ ಮುಂದೆ ದಶಕಗಳ ಕಾಲ ಓಡಾಡಿದ ರಾಜಕಾರಣಿಗಳಲ್ಲಿ, ಪತ್ರಕರ್ತರಲ್ಲಿ ಎಷ್ಟು ಮಂದಿಗೆ ಅದು ಯಾರದೆಂದು ಗೊತ್ತಿತ್ತೋ! 2018ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಭೇಟಿಯ ಸಂದರ್ಭದಲ್ಲಿ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟ ಮೇಲೆ ವಿಷಯ ಸುದ್ದಿಯಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕಸ್ತಂಭವೊಂದಿದೆ. ನಗರದ ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಅದು ಕಾಣುವುದು ಅಪರೂಪ.

ಸ್ಥಳೀಯರಿಗೆ ಹೆಸರಿನ ಕಲ್ಲಿನ ಬೆಲೆ ತಿಳಿಯದೆಂದು ವಸಾಹತು ಅಧಿಕಾರಿಗಳು ಭಾವಿಸಿದ್ದರಷ್ಟೆ. ಮೈಸೂರು ಸೀಮೆಯ ಯಾವುದೇ ಊರ ಅಗಸೆಗೆ ಬಂದಿದ್ದರೂ ಆ ಭಾವನೆ ಕರಗುತ್ತಿತ್ತು. ಸಾವಿರ ವರ್ಷಕ್ಕೂ ಹಿಂದಿನಿಂದ ನಮ್ಮಲ್ಲಿ ತುರುಗೋಳ್ ಕಾಳಗದಲ್ಲಿ ಸತ್ತ ಸಾಮಾನ್ಯನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು. ಬೆಂಗಳೂರಿನ ಹೆಸರು ಮೊದಲು ಸಿಗುವುದೇ ಬೇಗೂರಿನ ಒಂದು ಶಾಸನದಲ್ಲಿ. ಸುಮಾರು 890ರ ಆ ಕಲ್ಲು ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟನಸೆಟ್ಟಿಯ ಹೆಸರನ್ನು ಉಳಿಸಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 950ರ ಸುಮಾರಿಗೆ ಹಂದಿಯೊಡನೆ ಕಾದಾಡಿ ಸತ್ತ ಬೇಟೆನಾಯಿಗೂ ಕಲ್ಲು ನಿಲ್ಲಿಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯ ಹೆಸರಿದೆ: ಕಾಳಿ.

ಹುಡುಕುವುದು ಹೇಗೆ?

ಅಜ್ಜನೋ ಮುತ್ತಜ್ಜನೋ 'ಮಹಾಯುದ್ಧಕ್ಕೆ ಹೋಗಿದ್ದ' ಎಂಬ ಮಾತು ಮನೆಯಲ್ಲಿ ಕೇಳಿದವರು ಕಾಮನ್‌ವೆಲ್ತ್ ಆಯೋಗದ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಆದರೆ ಅಲ್ಲಿ ಸಿಗುವುದು ಯುದ್ಧಕಾಲದಲ್ಲಿ ಮತ್ತು 1921ರ ಆಗಸ್ಟ್ ಕೊನೆಯವರೆಗೆ ಸತ್ತವರ ವಿವರ ಮಾತ್ರ, ಮರಳಿ ಬಂದವರದಲ್ಲ. ಭಾರತೀಯರ ದಾಖಲೆಯಲ್ಲಿ ಹಲವೆಡೆ ಒಂದೇ ಹೆಸರು, ತಂದೆಯ ಹೆಸರು, ಊರು, ಜಿಲ್ಲೆ ಇಷ್ಟೇ ಇರುತ್ತದೆ. ಕಾಗುಣಿತ ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ. ಹೀಗಾಗಿ ಒಂದೇ ಹೆಸರನ್ನು ನಾಲ್ಕಾರು ಬಗೆಯಲ್ಲಿ ಬರೆದು ಹುಡುಕಬೇಕು. ಪಲ್ಟನ್‌ನ ಹೆಸರು ಗೊತ್ತಿದ್ದರೆ ಕೆಲಸ ಹಗುರ.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ದೊರೆಯ ಮುಖವಿರುವ ಬೆಳ್ಳಿಯ ಪದಕವಿದ್ದರೆ ಅದನ್ನು ನಾಣ್ಯವೆಂದು ತಿಳಿದು ಚಿನಿವಾರರ ಅಂಗಡಿಗೆ ಒಯ್ಯುವ ಮೊದಲು ಅಂಚನ್ನು ಭೂತಗನ್ನಡಿಯಲ್ಲಿ ನೋಡುವುದು ಒಳಿತು. ಬ್ರಿಟಿಷ್ ಯುದ್ಧ ಪದಕ ಎಂದು ಕರೆಯಲಾಗುವ ಇದನ್ನು ಸಮುದ್ರ ದಾಟಿ ಸೇವೆ ಸಲ್ಲಿಸಿದವರಿಗೆ ಕೊಡಲಾಗುತ್ತಿತ್ತು. ಕಾರ್ಮಿಕ ದಳದವರಿಗೆ ಇದೇ ಪದಕ ಕಂಚಿನಲ್ಲಿ. ಪಡೆದವನ ಸಂಖ್ಯೆ, ದರ್ಜೆ, ಹೆಸರು, ಪಲ್ಟನ್ ಇವಿಷ್ಟನ್ನೂ ಅದರ ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ, ಸಾಮಾನ್ಯ ಸಿಪಾಯಿಯದಾದರೂ ಸರಿ.